ಹಳೆಯ ವೈನ್, ಬಳ್ಳಾರಿಯ ಬಿಸಿಲು: ಕುಡಿಯಬಹುದೇ, ಚೆಲ್ಲಬೇಕೇ?

ಬಳ್ಳಾರಿ: ವೈನ್ ಹಳೆಯದಾದಷ್ಟೂ ರುಚಿ ಹೆಚ್ಚು ಎಂಬ ಮಾತು ಕುಡಿಯುವವರಿಗೂ ಗೊತ್ತು, ಕುಡಿಯದವರಿಗೂ ಗೊತ್ತು. ಆ ಮಾತನ್ನು ನಂಬಿ, ಉಡುಗೊರೆಯಾಗಿ ಬಂದ ಬಾಟಲಿಯನ್ನು ಮುಂದೆಂದೋ ಬರುವ ಸಂಭ್ರಮಕ್ಕೆಂದು ಬೀರುವಿನಲ್ಲಿಯೋ ಅಟ್ಟದ ಮೇಲೆಯೋ ಎತ್ತಿಡುವ ರೂಢಿ ಬಳ್ಳಾರಿ ನಗರದಲ್ಲಷ್ಟೇ ಅಲ್ಲ, ಸಿರುಗುಪ್ಪ, ಕುರುಗೋಡಿನಂತಹ ಪಟ್ಟಣಗಳ ಮನೆಗಳಿಗೂ ಬಂದಿದೆ. ಬೆಂಗಳೂರಿನಿಂದ ಬಂದ ಮಗ ತಂದದ್ದು, ವಿದೇಶದಿಂದ ಬಂದ ನೆಂಟರು ಕೊಟ್ಟದ್ದು, ದೀಪಾವಳಿಗೆ ವ್ಯಾಪಾರದ ಗೆಳೆಯರು ಕಳಿಸಿದ್ದು, ಹೀಗೆ ಬಾಟಲಿಗೆ ದಾರಿ ಹಲವು. ಇಟ್ಟವರು ಮರೆಯುತ್ತಾರೆ. ನಾಲ್ಕಾರು ಬೇಸಿಗೆ ಕಳೆದ ಮೇಲೆ ಮನೆಗೆ ಸುಣ್ಣ ಬಳಿಯುವಾಗಲೋ ಬೀರು ಸರಿಸುವಾಗಲೋ ಅದು ಮತ್ತೆ ಕೈಗೆ ಸಿಗುತ್ತದೆ.

ಆಗ ಮನೆಯಲ್ಲಿ ಎರಡು ಅಭಿಪ್ರಾಯಗಳು ಏಳುತ್ತವೆ. 'ಇಷ್ಟು ವರ್ಷವಾಗಿದೆ, ಈಗ ಬಂಗಾರದ ಬೆಲೆ ಬಂದಿರುತ್ತದೆ' ಎನ್ನುವವರದು ಒಂದು. 'ಹಳಸಿ ವಿಷವಾಗಿರುತ್ತದೆ, ಮೊದಲು ಚೆಲ್ಲಿ' ಎನ್ನುವವರದು ಇನ್ನೊಂದು. ವಿಜ್ಞಾನದ ಪ್ರಕಾರ ಇವೆರಡೂ ಬಹುಮಟ್ಟಿಗೆ ತಪ್ಪು. ಕಂಪನಿಯಲ್ಲಿ ತಯಾರಾಗಿ ಮುದ್ರೆ ಒಡೆಯದ ವೈನ್ ಹಳೆಯದಾದ ಮಾತ್ರಕ್ಕೆ ವಿಷವಾಗುವುದಿಲ್ಲ. ಆದರೆ ಬಳ್ಳಾರಿಯ ಬೇಸಿಗೆಯಲ್ಲಿ ಅಟ್ಟದ ಮೇಲೆ ಬೆಂದ ವೈನ್ ಉತ್ತಮವಾಗುವುದೂ ಇಲ್ಲ. ಅದು ಬಾಟಲಿಯೊಳಗೇ ಮುದಿಯಾಗುತ್ತದೆ, ಪಕ್ವವಾಗುವುದಿಲ್ಲ. ಈ ವ್ಯತ್ಯಾಸ ತಿಳಿದಿದ್ದರೆ ಹಣವೂ ಉಳಿಯುತ್ತದೆ, ಅನಗತ್ಯ ಭಯವೂ ತಪ್ಪುತ್ತದೆ. ಅದಕ್ಕಿಂತ ಮುಖ್ಯವಾಗಿ, ನಿಜವಾಗಿ ಭಯಪಡಬೇಕಾದ ಸಂದರ್ಭ ಯಾವುದೆಂಬುದೂ ತಿಳಿಯುತ್ತದೆ.

ಅಕ್ಕಿಯ ನ್ಯಾಯ, ಮೆಣಸಿನಕಾಯಿಯ ನ್ಯಾಯ

ಹಳೆಯದೆಲ್ಲ ಒಳ್ಳೆಯದು ಎಂಬ ನಂಬಿಕೆ ನಮ್ಮಲ್ಲಿ ಆಧಾರವಿಲ್ಲದೆ ಬಂದದ್ದಲ್ಲ. ತುಂಗಭದ್ರೆಯ ನೀರುಂಡು ಬೆಳೆಯುವ ಸಿರುಗುಪ್ಪದ ಸೋನಾ ಮಸೂರಿಯನ್ನೇ ನೋಡಿ. ಹೊಸ ಅಕ್ಕಿ ಅನ್ನ ಮಾಡಿದರೆ ಮುದ್ದೆಯಾಗುತ್ತದೆ. ಕೆಲವು ತಿಂಗಳು ಗೋದಾಮಿನಲ್ಲಿ ಕಳೆದ ಹಳೆಯ ಅಕ್ಕಿ ಉದುರುದುರಾಗಿ ಅರಳುತ್ತದೆ. ಆದ್ದರಿಂದಲೇ ಹಳೆಯ ಅಕ್ಕಿಗೆ ಅಂಗಡಿಯಲ್ಲಿ ಹೆಚ್ಚು ಬೆಲೆ. ಆಯುರ್ವೇದದ ದ್ರಾಕ್ಷಾಸವ, ಅರಿಷ್ಟಗಳ ಬಗೆಗೂ ಹಳೆಯದಾದರೆ ಗುಣ ಹೆಚ್ಚು ಎಂಬ ಭಾವನೆ ಮನೆಮನೆಗಳಲ್ಲಿದೆ.

ಆದರೆ ಇದೇ ನೆಲದ ಇನ್ನೊಂದು ಬೆಳೆಗೆ ಈ ನ್ಯಾಯ ಸಲ್ಲುವುದಿಲ್ಲ. ಕುರುಗೋಡು, ಸಿರುಗುಪ್ಪ ಭಾಗದ ರೈತರು ಬ್ಯಾಡಗಿ ಮಾರುಕಟ್ಟೆಗೆ ಒಯ್ಯುವ ಒಣಮೆಣಸಿನಕಾಯಿಯನ್ನು ಬೇಸಿಗೆಯಲ್ಲಿ ಹೊರಗೆ ಬಿಟ್ಟರೆ ಅದರ ಕೆಂಪು ದಿನದಿನಕ್ಕೆ ಮಾಸುತ್ತದೆ. ಬಣ್ಣ ಹೋದರೆ ಬೆಲೆಯೂ ಹೋಯಿತು. ಧಾರಣೆ ಏರುವವರೆಗೆ ಕಾಯಬೇಕೆಂದರೆ ಶೀತಲಗೃಹಕ್ಕೆ ಬಾಡಿಗೆ ತೆರಲೇಬೇಕು. ಕಾಲ ಮೆಣಸಿನಕಾಯಿಗೆ ಶತ್ರುವಲ್ಲ, ಕಾಲದ ಜೊತೆಗೆ ಬರುವ ಶಾಖವೇ ಶತ್ರು.

ವೈನ್ ಈ ಎರಡನೆಯ ಗುಂಪಿಗೆ ಸೇರಿದ್ದು. ತಂಪು ಮತ್ತು ಕತ್ತಲೆಯಲ್ಲಿ ಇಟ್ಟರೆ ಕೆಲವು ಬಗೆಯ ವೈನ್‌ಗಳು ವರ್ಷಗಟ್ಟಲೆ ಬಾಳುತ್ತವೆ, ಬಾಳುತ್ತಾ ರುಚಿಗೊಳ್ಳುತ್ತವೆ. ಆ ತಂಪು ಸಿಗದಿದ್ದರೆ ಅದೇ ವೈನ್ ಒಂದೆರಡು ಬೇಸಿಗೆಗಳಲ್ಲಿ ತನ್ನ ಸತ್ವ ಕಳೆದುಕೊಳ್ಳುತ್ತದೆ. 'ಹಳೆಯದಾದಷ್ಟೂ' ಎಂಬ ಮಾತಿನ ಹಿಂದೆ 'ತಣ್ಣಗಿಟ್ಟರೆ' ಎಂಬ ಷರತ್ತು ಇದೆ. ಮಾತು ನಮ್ಮೂರಿಗೆ ಬಂತು, ಷರತ್ತು ದಾರಿಯಲ್ಲೇ ಉಳಿಯಿತು.

ಬಾಟಲಿಯೊಳಗೆ ನಡೆಯುವುದೇನು?

ದ್ರಾಕ್ಷಿಯ ರಸದಲ್ಲಿರುವ ಸಕ್ಕರೆಯನ್ನು ಯೀಸ್ಟ್ ಎಂಬ ಸೂಕ್ಷ್ಮಜೀವಿ ಮದ್ಯಸಾರವಾಗಿ ಪರಿವರ್ತಿಸುವುದೇ ಹುದುಗುವಿಕೆ. ಹೀಗೆ ಸಿದ್ಧವಾದ ಸಾಮಾನ್ಯ ವೈನ್‌ನಲ್ಲಿ ಶೇ 12ರಿಂದ 14ರಷ್ಟು ಮದ್ಯಸಾರ ಇರುತ್ತದೆ. ಉಳಿದದ್ದರಲ್ಲಿ ಬಹುಪಾಲು ನೀರು. ಜೊತೆಗೆ ಹುಳಿ ಕೊಡುವ ಆಮ್ಲಗಳು, ಕೆಂಪು ವೈನ್‌ಗೆ ಒಗರು ಕೊಡುವ ಟ್ಯಾನಿನ್, ಬಣ್ಣದ ವಸ್ತುಗಳು ಮತ್ತು ಪರಿಮಳ ಕೊಡುವ ನೂರಾರು ಸೂಕ್ಷ್ಮ ಪದಾರ್ಥಗಳು. ಕೆಡದಂತೆ ಕಾಯಲು ಅತ್ಯಲ್ಪ ಪ್ರಮಾಣದಲ್ಲಿ ಸಲ್ಫರ್ ಡೈಆಕ್ಸೈಡನ್ನೂ ಸೇರಿಸಲಾಗುತ್ತದೆ.

ಮುಚ್ಚಳ ಹಾಕಿದ ಮೇಲೂ ಬಾಟಲಿಯೊಳಗೆ ಇವುಗಳ ನಡುವೆ ರಾಸಾಯನಿಕ ಕ್ರಿಯೆ ನಿಲ್ಲುವುದಿಲ್ಲ. ನಿಧಾನವಾಗಿ ನಡೆದರೆ ಟ್ಯಾನಿನ್ನಿನ ಒಗರು ಮೆತ್ತಗಾಗುತ್ತದೆ, ಹೊಸ ಪರಿಮಳಗಳು ಹುಟ್ಟುತ್ತವೆ. ಇದನ್ನೇ ಪಕ್ವವಾಗುವುದು ಎನ್ನುತ್ತಾರೆ. ವೇಗವಾಗಿ ನಡೆದರೆ ಕಾವಲಿಗಿದ್ದ ಸಲ್ಫರ್ ಡೈಆಕ್ಸೈಡ್ ಬೇಗ ಮುಗಿದುಹೋಗುತ್ತದೆ. ಬಿರಡೆಯ ಸಂದಿನಿಂದ ನುಸುಳಿದ ಆಮ್ಲಜನಕ ಮದ್ಯಸಾರವನ್ನೂ ಬಣ್ಣವನ್ನೂ ಉತ್ಕರ್ಷಿಸುತ್ತದೆ. ಹೆಚ್ಚಿಟ್ಟ ಸೇಬು ಗಾಳಿಗೆ ಕಂದಾಗುವುದೂ ಇಂತಹದೇ ಬದಲಾವಣೆ. ಬಿಳಿ ವೈನ್ ಚಹಾದ ಬಣ್ಣಕ್ಕೂ ಕೆಂಪು ವೈನ್ ಇಟ್ಟಿಗೆಯ ಬಣ್ಣಕ್ಕೂ ತಿರುಗುವುದು ಹೀಗೆ. ಹಣ್ಣಿನ ಪರಿಮಳ ಮಾಯವಾಗಿ, ಬೇಯಿಸಿದ ಹಣ್ಣು ಅಥವಾ ಒಣದ್ರಾಕ್ಷಿಯ ವಾಸನೆ ಬರುತ್ತದೆ.

ಲೆಕ್ಕಕ್ಕೆ ಸಿಗುವ ಶಾಖ

ವೈನ್ ಕಾಯ್ದಿಡಲು ಸೂಕ್ತವೆಂದು ಜಗತ್ತಿನಾದ್ಯಂತ ಒಪ್ಪಿರುವ ಉಷ್ಣಾಂಶ ಸುಮಾರು 12ರಿಂದ 15 ಡಿಗ್ರಿ ಸೆಲ್ಸಿಯಸ್. ಬಳ್ಳಾರಿಯಲ್ಲಿ ಏಪ್ರಿಲ್, ಮೇ ತಿಂಗಳ ಹಗಲು 40 ಡಿಗ್ರಿ ದಾಟುವುದು ಹೊಸತೇನಲ್ಲ. ಡಿಸೆಂಬರ್‌ನಲ್ಲೂ ಹಗಲಿನ ಉಷ್ಣಾಂಶ 30 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಅಂದರೆ ವೈನ್ ಬಯಸುವ ತಂಪು ಇಲ್ಲಿನ ಮನೆಗಳಲ್ಲಿ ವರ್ಷದ ಯಾವ ತಿಂಗಳಿನಲ್ಲೂ ತಾನಾಗಿ ಸಿಗುವುದಿಲ್ಲ.

ಉಷ್ಣಾಂಶ 10 ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಯ ವೇಗ ಸರಿಸುಮಾರು ಎರಡು ಪಟ್ಟಾಗುತ್ತದೆ ಎಂಬುದು ರಸಾಯನಶಾಸ್ತ್ರದ ಒಂದು ಸ್ಥೂಲ ನಿಯಮ. 14 ಡಿಗ್ರಿಯ ನೆಲಮಾಳಿಗೆಯಲ್ಲಿ ಇರಬೇಕಾದ ಬಾಟಲಿ 34 ಡಿಗ್ರಿಯ ಕೋಣೆಯಲ್ಲಿದ್ದರೆ ಅದು ನಾಲ್ಕು ಪಟ್ಟು ವೇಗದಲ್ಲಿ ಮುದಿಯಾಗುತ್ತದೆ ಎಂದಾಯಿತು. ಹಾಗೆಂದು ಒಂದು ವರ್ಷದಲ್ಲಿ ನಾಲ್ಕು ವರ್ಷದ ಪಕ್ವತೆ ಬಂತೆಂದು ಹಿಗ್ಗುವಂತಿಲ್ಲ. ಎಲ್ಲ ಕ್ರಿಯೆಗಳೂ ಒಂದೇ ಪ್ರಮಾಣದಲ್ಲಿ ವೇಗ ಪಡೆಯುವುದಿಲ್ಲ. ತಂಪಿನಲ್ಲಿ ಹುಟ್ಟದ ಕೆಟ್ಟ ವಾಸನೆಗಳು ಶಾಖದಲ್ಲಿ ಹುಟ್ಟುತ್ತವೆ. ಸಣ್ಣ ಉರಿಯಲ್ಲಿ ಹೊತ್ತು ಹಿಡಿದು ಬೇಯಬೇಕಾದ ಸಾರನ್ನು ದೊಡ್ಡ ಉರಿಯಲ್ಲಿ ಕುದಿಸಿ ತಳ ಹಿಡಿಸಿದಂತೆ.

ಇನ್ನೊಂದು ಪೆಟ್ಟು ಬೀಳುವುದು ಬಿರಡೆಗೆ. ದ್ರವ ಬಿಸಿಯಾದರೆ ಹಿಗ್ಗುತ್ತದೆ. 750 ಮಿಲಿಲೀಟರ್ ಬಾಟಲಿಯ ವೈನ್ 20 ಡಿಗ್ರಿಯಿಂದ 40 ಡಿಗ್ರಿಗೆ ಏರಿದಾಗ ಸುಮಾರು ಒಂದು ಟೀ ಚಮಚದಷ್ಟು ಹಿಗ್ಗುತ್ತದೆ. ಬಾಟಲಿಯ ಕುತ್ತಿಗೆಯಲ್ಲಿ ಬಿಟ್ಟಿರುವ ಖಾಲಿ ಜಾಗವೇ ಅಷ್ಟು ದೊಡ್ಡದಲ್ಲ. ಒತ್ತಡಕ್ಕೆ ಬಿರಡೆ ಮೇಲೇಳುತ್ತದೆ, ಅದರ ಬದಿಯಿಂದ ವೈನ್ ಒಸರುತ್ತದೆ. ರಾತ್ರಿ ತಂಪಾದಾಗ ಒಳಗಿನ ದ್ರವ ಕುಗ್ಗಿ ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ಹಗಲು ಬಿಸಿ, ರಾತ್ರಿ ತುಸು ತಂಪು ಎಂಬ ಈ ಏರಿಳಿತ ದಿನವೂ ನಡೆದರೆ ಬಾಟಲಿ ಉಸಿರಾಡತೊಡಗುತ್ತದೆ. ಪ್ರತಿ ಉಸಿರಿಗೂ ಒಂದಿಷ್ಟು ಆಮ್ಲಜನಕ ಒಳಗೆ. ಸಾಲದ್ದಕ್ಕೆ ಇಲ್ಲಿನ ಒಣ ಹವೆಗೆ, ನಿಲ್ಲಿಸಿಟ್ಟ ಬಾಟಲಿಯ ಬಿರಡೆ ಒಣಗಿ ಸಂಕುಚಿಸುತ್ತದೆ.

ಮನೆಯೊಳಗೂ ಎಲ್ಲ ಜಾಗ ಒಂದೇ ಅಲ್ಲ. ಆರ್‌ಸಿಸಿ ಛಾವಣಿಯ ಕೆಳಗಿನ ಅಟ್ಟ ಮನೆಯಲ್ಲೇ ಅತ್ಯಂತ ಬಿಸಿಯಾದ ಸ್ಥಳ. ಫ್ರಿಜ್ಜಿನ ನೆತ್ತಿ ಅನೇಕರು ಆರಿಸುವ ಜಾಗ. ಆದರೆ ಅಲ್ಲಿ ಹಿಂಬದಿಯಿಂದ ಏಳುವ ಬಿಸಿಗಾಳಿಯೂ ಉಂಟು, ಯಂತ್ರದ ಕಂಪನವೂ ಉಂಟು. ಅಡುಗೆಮನೆಯ ಕಪಾಟು ಒಲೆಯ ಕಾವಿಗೆ ಒಡ್ಡಿಕೊಂಡಿರುತ್ತದೆ. ಕಿಟಕಿಯ ಎದುರಿನ ಷೋಕೇಸ್ ಅಂದಕ್ಕೆ ಸರಿ, ವೈನ್‌ಗೆ ಸಲ್ಲದು. ಬೆಳಕು, ಅದರಲ್ಲೂ ಬಿಸಿಲಿನ ಅತಿನೇರಳೆ ಕಿರಣ, ತಿಳಿಗಾಜಿನ ಬಾಟಲಿಯ ಬಿಳಿ ವೈನ್‌ನಲ್ಲಿ ಗಂಧಕದ ದುರ್ವಾಸನೆ ಹುಟ್ಟಿಸುತ್ತದೆ. ಬಹುತೇಕ ಕೆಂಪು ವೈನ್ ಬಾಟಲಿಗಳು ಗಾಢ ಹಸಿರು ಬಣ್ಣದಲ್ಲಿರುವುದು ಅಲಂಕಾರಕ್ಕಲ್ಲ. ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನ ಡಿಕ್ಕಿಯಂತೂ ಒಂದೇ ಮಧ್ಯಾಹ್ನದಲ್ಲಿ ವರ್ಷಗಳ ಹಾನಿ ಮಾಡಬಲ್ಲದು.

ಕಡಲು ಕಲಿಸಿದ ಎರಡು ಪಾಠ

ವಯಸ್ಸಿಗಿಂತ ಉಷ್ಣಾಂಶವೇ ಮುಖ್ಯ ಎಂಬುದಕ್ಕೆ 2010ರಲ್ಲಿ ಸಿಕ್ಕ ಸಾಕ್ಷ್ಯವೊಂದು ಗಮನಾರ್ಹ. ಆ ವರ್ಷ ಫಿನ್ಲೆಂಡ್‌ಗೆ ಸೇರಿದ ಓಲಂಡ್ ದ್ವೀಪಗಳ ಬಳಿ, ಬಾಲ್ಟಿಕ್ ಸಮುದ್ರದಲ್ಲಿ ಸುಮಾರು 50 ಮೀಟರ್ ಆಳದಲ್ಲಿ ಮುಳುಗಿದ್ದ ಹಳೆಯ ಹಡಗೊಂದನ್ನು ಮುಳುಗುಗಾರರು ಪತ್ತೆ ಮಾಡಿದರು. ಅದರಿಂದ ಮೇಲೆತ್ತಿದ 168 ಶಾಂಪೇನ್ ಬಾಟಲಿಗಳು ಸುಮಾರು 170 ವರ್ಷ ಹಳೆಯವು. ಅವುಗಳಲ್ಲಿ ಕೆಲವು ಇನ್ನೂ ಕುಡಿಯಲು ಯೋಗ್ಯವಾಗಿದ್ದವು. ಕಾರಣವಿಷ್ಟೇ: ಕಡಲ ತಳದಲ್ಲಿ ಕತ್ತಲೆ ಇತ್ತು, ನೀರು ಸದಾ ಕೊರೆಯುವಷ್ಟು ತಣ್ಣಗಿತ್ತು. ಅಲ್ಲಿ ಒಂದೂವರೆ ಶತಮಾನ ಕಳೆದ ವೈನ್‌ಗಿಂತ ಇಲ್ಲಿ ಸ್ಲ್ಯಾಬಿನ ಕೆಳಗೆ ಐದು ವರ್ಷ ಕಳೆದ ವೈನ್ ಹೆಚ್ಚು ಮುದಿಯಾಗಿರಬಹುದು.

ಎರಡನೆಯ ಪಾಠ ಇದಕ್ಕೆ ವಿರುದ್ಧವಾದದ್ದು. ಶಾಖದಿಂದಲೇ ಹೆಸರು ಪಡೆದ ವೈನ್ ಒಂದಿದೆ. ಅಟ್ಲಾಂಟಿಕ್ ಸಾಗರದಲ್ಲಿರುವ ಪೋರ್ಚುಗಲ್‌ನ ಮಡೈರಾ ದ್ವೀಪದಲ್ಲಿ ಪೀಪಾಯಿ ತುಂಬಿಕೊಂಡು ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ಭಾರತದ ಕಡೆಗೆ ಸಾಗುತ್ತಿದ್ದವು. ಉಷ್ಣವಲಯದ ಕಡಲಿನಲ್ಲಿ ತಿಂಗಳುಗಟ್ಟಲೆ ಕಾದ ಆ ವೈನ್ ಕೆಡುವ ಬದಲು ವಿಶಿಷ್ಟ ರುಚಿ ಪಡೆದಿತ್ತು. 1800ರಲ್ಲಿ ಬಳ್ಳಾರಿ ನಿಜಾಮರಿಂದ ಕಂಪನಿಯ ವಶಕ್ಕೆ ಬಂದ ಕಾಲದಲ್ಲಿ ಭಾರತದಲ್ಲಿದ್ದ ಆಂಗ್ಲ ಅಧಿಕಾರಿಗಳ ಮೆಚ್ಚಿನ ಪಾನೀಯಗಳಲ್ಲಿ ಮಡೈರಾ ಒಂದಾಗಿತ್ತು. ಇಂದು ಆ ದ್ವೀಪದಲ್ಲಿ ವೈನನ್ನು 45ರಿಂದ 50 ಡಿಗ್ರಿಯಲ್ಲಿ ತಿಂಗಳುಗಟ್ಟಲೆ ಬೇಕೆಂದೇ ಕಾಯಿಸುವ ಪದ್ಧತಿಯಿದೆ.

ಹಾಗಾದರೆ ಬಳ್ಳಾರಿಯ ಅಟ್ಟದ ಮೇಲಿನ ವೈನ್ ಏಕೆ ಮಡೈರಾ ಆಗುವುದಿಲ್ಲ? ಮಡೈರಾಕ್ಕೆ ದ್ರಾಕ್ಷಿಯ ಸ್ಪಿರಿಟ್ ಬೆರೆಸಿ ಮದ್ಯಸಾರವನ್ನು ಶೇ 17ರಿಂದ 22ರವರೆಗೆ ಏರಿಸಿರುತ್ತಾರೆ. ಅದರ ದ್ರಾಕ್ಷಿಯಲ್ಲಿ ಹುಳಿಯೂ ತೀಕ್ಷ್ಣ. ಶಾಖ ತಡೆಯಲೆಂದೇ ಸಿದ್ಧಪಡಿಸಿದ ಪಾನೀಯವದು. ಸಾಮಾನ್ಯ ವೈನ್‌ಗೆ ಆ ಕವಚವಿಲ್ಲ. ಶಾಖಕ್ಕೆ ಬೆಂದು ಹಾಳಾದ ವೈನನ್ನು ಪರಿಣತರು 'ಮಡೈರಾದಂತಾಗಿದೆ' ಎಂದೇ ಕರೆಯುತ್ತಾರೆ. ಅಲ್ಲಿ ಅದು ಹೊಗಳಿಕೆಯಲ್ಲ, ದೂರು.

ನಮ್ಮ ವೈನ್‌ಗಳ ಆಯುಷ್ಯ

ಈ ಸೀಮೆಗೆ ದ್ರಾಕ್ಷಿ ಹೊಸದಲ್ಲ. ಕೃಷ್ಣದೇವರಾಯನ ಕಾಲದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ರಾಜಧಾನಿಯ ಪೇಟೆಯಲ್ಲಿ ದ್ರಾಕ್ಷಿ, ದಾಳಿಂಬೆ ಮಾರುವುದನ್ನು ಕಂಡು ಬರೆದಿಟ್ಟಿದ್ದಾನೆ. ಇಂದು ನೆರೆಯ ಕೊಪ್ಪಳ ಜಿಲ್ಲೆಯಲ್ಲಿ 'ಹಂಪಿ ಹಿಲ್ಸ್' ಹೆಸರಿನಲ್ಲಿ ವೈನ್ ದ್ರಾಕ್ಷಿಯ ತೋಟವೇ ಇದೆ. ಬಿಸಿಲನಾಡಿನಲ್ಲಿ ಒಳ್ಳೆಯ ದ್ರಾಕ್ಷಿ ಬೆಳೆಯಬಹುದು ಎಂಬುದು ನಿಜ. ಆದರೆ ಕೊಯ್ದ ಮೇಲೆ ಅದು ತಂಪಿನ ಆಸರೆಗೆ ಹೋಗಲೇಬೇಕು. ಯಾವುದೇ ವೈನರಿಯಲ್ಲಿ ಹುದುಗಿಸುವ ಟ್ಯಾಂಕಿನಿಂದ ಹಿಡಿದು ದಾಸ್ತಾನು ಕೋಣೆಯವರೆಗೆ ಉಷ್ಣಾಂಶ ನಿಯಂತ್ರಣಕ್ಕೆ ದೊಡ್ಡ ಖರ್ಚಾಗುತ್ತದೆ. ಆ ಖರ್ಚೆಲ್ಲ ನಮ್ಮ ಮನೆಯ ಬೀರುವಿನಲ್ಲಿ ಒಂದು ಬೇಸಿಗೆಗೆ ವ್ಯರ್ಥವಾಗುತ್ತದೆ.

ರಾಜ್ಯ ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ಜಾರಿಗೆ ತಂದ ನಂತರ ವೈನರಿಗಳೂ ವೈನ್ ಮೇಳಗಳೂ ಹೆಚ್ಚಿದವು, ವೈನ್ ಮಾರುವ ಪ್ರತ್ಯೇಕ ಮಳಿಗೆಗಳೂ ಬಂದವು. ಬಾಟಲಿ ಕೊಂಡು ಉಡುಗೊರೆ ಕೊಡುವುದು ಸುಲಭವಾಯಿತು. ಆದರೆ ಹೇಗೆ ಇಡಬೇಕು, ಎಷ್ಟು ದಿನ ಇಡಬಹುದು ಎಂಬ ತಿಳಿವಳಿಕೆ ಬಾಟಲಿಯ ಜೊತೆಗೆ ಬರಲಿಲ್ಲ.

ವಾಸ್ತವವೆಂದರೆ, ಜಗತ್ತಿನಲ್ಲಿ ತಯಾರಾಗುವ ವೈನ್‌ಗಳಲ್ಲಿ ಬಹುಪಾಲು ಬೇಗ ಕುಡಿಯಲೆಂದೇ ತಯಾರಾದವು. ಸಾಮಾನ್ಯ ಬೆಲೆಯ ಬಿಳಿ ಮತ್ತು ಗುಲಾಬಿ ಬಣ್ಣದ ವೈನ್‌ಗಳನ್ನು ಒಂದೆರಡು ವರ್ಷದೊಳಗೆ, ಸಾಮಾನ್ಯ ಕೆಂಪು ವೈನ್‌ಗಳನ್ನು ಎರಡು-ಮೂರು ವರ್ಷದೊಳಗೆ ಮುಗಿಸುವುದು ಲೇಸು. ಅದೂ ತಂಪಾಗಿಟ್ಟರೆ ಮಾತ್ರ. ಹತ್ತಾರು ವರ್ಷ ಬಾಳುವ ಶಕ್ತಿ ಇರುವುದು ಟ್ಯಾನಿನ್, ಹುಳಿ ಅಥವಾ ಸಕ್ಕರೆ ಹೇರಳವಾಗಿರುವ, ಸಾಮಾನ್ಯವಾಗಿ ದುಬಾರಿಯಾದ ಕೆಲವೇ ವೈನ್‌ಗಳಿಗೆ. ಬಾಟಲಿಯ ಮೇಲೆ ಮುದ್ರಿಸಿರುವ ವರ್ಷ ದ್ರಾಕ್ಷಿ ಕೊಯ್ಲಾದ ವರ್ಷ. ಅದು ಗೌರವದ ಬಿರುದಲ್ಲ, ಎಷ್ಟು ಕಾಲ ಕಳೆದಿದೆ ಎಂಬ ಲೆಕ್ಕಕ್ಕೆ ಆಧಾರ ಮಾತ್ರ.

ವಿಷವಾಗುತ್ತದೆಯೇ?

ಈಗ ಮುಖ್ಯ ಪ್ರಶ್ನೆಗೆ ಬರೋಣ. ಮುದ್ರೆ ಒಡೆಯದ, ಅಧಿಕೃತ ಕಂಪನಿಯ ಹಳೆಯ ವೈನ್ ಕುಡಿದರೆ ಪ್ರಾಣಕ್ಕೆ ಅಪಾಯವೇ? ಹಳತನದಿಂದಾಗಿ ಅಂತಹ ಅಪಾಯ ಬರುವುದಿಲ್ಲ. ವೈನ್‌ನ ಹುಳಿ ಮತ್ತು ಮದ್ಯಸಾರ ಎರಡೂ ಸೇರಿ, ವಾಂತಿ-ಭೇದಿ ತರುವ ಸಾಮಾನ್ಯ ರೋಗಾಣುಗಳು ಅದರಲ್ಲಿ ಬೆಳೆಯದಂತೆ ತಡೆಯುತ್ತವೆ. ಹಾಲು, ಸಾರು ಕೆಟ್ಟಂತೆ ವೈನ್ ಕೆಡುವುದಿಲ್ಲ.

ಅದರಲ್ಲಿ ಬೆಳೆಯಬಲ್ಲ ಮುಖ್ಯ ಸೂಕ್ಷ್ಮಜೀವಿಯೆಂದರೆ ಮದ್ಯಸಾರವನ್ನು ಅಸಿಟಿಕ್ ಆಮ್ಲವಾಗಿಸುವ ಬ್ಯಾಕ್ಟೀರಿಯಾ. ಗಾಳಿ ಸೇರಿದ ವೈನ್ ವಿನೆಗರ್ ಆಗುವುದು ಇದರಿಂದ. ವಿನೆಗರ್ ರುಚಿಗೆ ಕೆಟ್ಟದ್ದು, ವಿಷವಲ್ಲ. ಕೆಲವರಿಗೆ ಇಂತಹ ವೈನ್‌ನಿಂದ ತಲೆನೋವು, ಎದೆಯುರಿ ಬರಬಹುದು.

ಶಾಖದಲ್ಲಿಟ್ಟ ವೈನ್‌ನಲ್ಲಿ ಈಥೈಲ್ ಕಾರ್ಬಮೇಟ್ ಎಂಬ ಪದಾರ್ಥದ ಪ್ರಮಾಣ ಏರುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು ಕ್ಯಾನ್ಸರ್ ತರುವ ಸಂಭವವಿರುವ ವಸ್ತುಗಳ ಪಟ್ಟಿಯಲ್ಲಿರಿಸಿದೆ. ಆದರೆ ವೈನ್‌ನಲ್ಲಿ ಇದು ಇರುವುದು ಅತಿ ಸೂಕ್ಷ್ಮ ಪ್ರಮಾಣದಲ್ಲಿ. ಕ್ಯಾನ್ಸರ್‌ನ ಮಾತೇ ಆದರೆ ಮದ್ಯಸಾರವೇ ಖಚಿತ ಕಾರಕವೆಂದು ಅದೇ ಸಂಸ್ಥೆ 1988ರಲ್ಲೇ ಹೇಳಿದೆ. ಹೊಸ ವೈನ್‌ನಲ್ಲೂ ಹಳೆಯ ವೈನ್‌ನಲ್ಲೂ ಅದು ಸಮಾನವಾಗಿಯೇ ಇದೆ.

ನಿಜವಾದ ಅಪಾಯ ಎಲ್ಲಿ?

ಮೊದಲನೆಯದು, ಮೂಲ ತಿಳಿಯದ ಮದ್ಯ. ಮುದ್ರೆ ಇಲ್ಲದ, ಹೆಸರಿನ ಚೀಟಿ ಇಲ್ಲದ, ಬೇರೆ ಬಾಟಲಿಗೆ ಸುರಿದಿಟ್ಟ ಪಾನೀಯವನ್ನು ವೈನ್ ಎಂದು ನಂಬಿ ಕುಡಿಯಕೂಡದು. ಕಳ್ಳಭಟ್ಟಿ ದುರಂತಗಳಿಗೆ ಕಾರಣವಾಗುವುದು ಕಲಬೆರಕೆಯಾದ ಮೆಥನಾಲ್. 2008ರ ಮೇ ತಿಂಗಳಿನಲ್ಲಿ ಬೆಂಗಳೂರು ಸುತ್ತಮುತ್ತ ಹಾಗೂ ತಮಿಳುನಾಡಿನ ಕೃಷ್ಣಗಿರಿ ಭಾಗದಲ್ಲಿ ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡದ್ದು ಇದೇ. ಮೆಥನಾಲ್ ಹಳತನದಿಂದ ಹುಟ್ಟುವುದಿಲ್ಲ, ಆದರೆ ರುಚಿ ನೋಡಿ ಅದನ್ನು ಪತ್ತೆ ಮಾಡಲೂ ಆಗುವುದಿಲ್ಲ. ಕುಡಿದ ನಂತರ ಕಣ್ಣು ಮಂಜಾದರೆ, ವಾಂತಿ, ತೀವ್ರ ಹೊಟ್ಟೆನೋವು ಬಂದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಎರಡನೆಯದು, ಮನೆಯಲ್ಲೇ ತಯಾರಿಸಿ ವರ್ಷಗಟ್ಟಲೆ ಇಟ್ಟ ಹಣ್ಣಿನ ವೈನ್. ಅದರಲ್ಲಿ ಮದ್ಯಸಾರ ಎಷ್ಟಿದೆ, ಹುಳಿ ಎಷ್ಟಿದೆ ಎಂಬುದು ತಯಾರಿಸಿದವರಿಗೇ ತಿಳಿದಿರುವುದಿಲ್ಲ. ಹುದುಗುವಿಕೆ ಪೂರ್ತಿಯಾಗದೆ ಮುಚ್ಚಿದ್ದರೆ ಒಳಗೆ ಅನಿಲ ತುಂಬಿ ಬಾಟಲಿ ಸಿಡಿಯಬಹುದು. ಬೂಷ್ಟು ಕಂಡರೆ ಮೇಲಿನದನ್ನು ತೆಗೆದು ಕುಡಿಯುವ ಸಾಹಸ ಬೇಡ, ಪೂರ್ತಿ ಚೆಲ್ಲಬೇಕು.

ಮೂರನೆಯದು, ನೊರೆಯುಕ್ಕುವ ಶಾಂಪೇನ್ ಬಗೆಯ ವೈನ್. ಇದರ ಬಾಟಲಿಯೊಳಗೆ ಸಾಮಾನ್ಯ ಉಷ್ಣಾಂಶದಲ್ಲೇ ವಾತಾವರಣದ ಐದಾರು ಪಟ್ಟು ಒತ್ತಡ ಇರುತ್ತದೆ. ಬಿಸಿಯಾದರೆ ಇನ್ನೂ ಏರುತ್ತದೆ. ಬೇಸಿಗೆಯಲ್ಲಿ ಅಟ್ಟದಿಂದ ಇಳಿಸಿದ ಕೂಡಲೇ ತೆರೆಯಹೋದರೆ ಬಿರಡೆ ಗುಂಡಿನಂತೆ ಚಿಮ್ಮಿ ಕಣ್ಣಿಗೆ ಬಡಿಯಬಹುದು. ಹಲವು ಗಂಟೆ ಫ್ರಿಜ್ಜಿನಲ್ಲಿಟ್ಟು ತಣಿಸಿ, ಬಿರಡೆಯ ಮೇಲೆ ದಪ್ಪ ಬಟ್ಟೆ ಹಾಕಿ, ಬಾಟಲಿಯ ಬಾಯಿ ಯಾರ ಮುಖಕ್ಕೂ ತಿರುಗಿರದಂತೆ ಓರೆಯಾಗಿ ಹಿಡಿದು ನಿಧಾನವಾಗಿ ತೆರೆಯಬೇಕು.

ಪರೀಕ್ಷಿಸುವುದು ಹೇಗೆ?

ಮನೆಯಲ್ಲಿ ಸಿಕ್ಕ ಹಳೆಯ ಬಾಟಲಿಯನ್ನು ಪರೀಕ್ಷಿಸಲು ಯಾವ ಉಪಕರಣವೂ ಬೇಕಿಲ್ಲ. ಕಣ್ಣು, ಮೂಗು, ನಾಲಿಗೆ ಈ ಕ್ರಮದಲ್ಲಿ ಬಳಸಿದರೆ ಸಾಕು.

ಮೊದಲು ಬಾಟಲಿಯನ್ನು ನಿಲ್ಲಿಸಿ ಬೆಳಕಿಗೆ ಹಿಡಿಯಿರಿ. ವೈನ್‌ನ ಮಟ್ಟ ಕುತ್ತಿಗೆಯಿಂದ ಭುಜದವರೆಗೆ ಇಳಿದಿದ್ದರೆ, ಬಿರಡೆ ಮೇಲೆದ್ದಿದ್ದರೆ, ಅದರ ಸುತ್ತ ಅಂಟಂಟಾದ ಕಲೆ ಇದ್ದರೆ ಬಾಟಲಿ ಶಾಖ ತಿಂದಿದೆ ಎಂದರ್ಥ. ಗಾಜು ಬಿರುಕು ಬಿಟ್ಟಿದ್ದರೆ ಮುಂದಿನ ಪರೀಕ್ಷೆಯೇ ಬೇಡ.

ತೆರೆದ ಮೇಲೆ ಸ್ವಲ್ಪ ವೈನನ್ನು ತಿಳಿಗಾಜಿನ ಲೋಟಕ್ಕೆ ಸುರಿದು ಬಿಳಿ ಕಾಗದದ ಮೇಲೆ ಓರೆ ಹಿಡಿಯಿರಿ. ಕೆಂಪು ವೈನ್ ಪೂರ್ತಿ ಕಂದಾಗಿದ್ದರೆ, ಬಿಳಿ ವೈನ್ ಕಡುಚಹಾದಂತಾಗಿದ್ದರೆ ಅದರ ಕಾಲ ಮುಗಿದಿದೆ. ಅಂಚಿನಲ್ಲಿ ಮಾತ್ರ ಇಟ್ಟಿಗೆ ಬಣ್ಣ ಕಂಡರೆ ಅದು ಸಹಜ ವಯಸ್ಸು. ನೊರೆಯ ವೈನ್ ಅಲ್ಲದಿದ್ದರೂ ಗುಳ್ಳೆ ಏಳುತ್ತಿದ್ದು ದ್ರವ ಕದಡಿದ್ದರೆ ಒಳಗೆ ಮತ್ತೆ ಹುದುಗು ಬಂದಿರುವ ಸಂಭವವಿದೆ, ಚೆಲ್ಲಿಬಿಡಿ.

ತಳದಲ್ಲಿ ಗಸಿ ಕಂಡು ಗಾಬರಿಯಾಗಬೇಕಿಲ್ಲ. ಬಣ್ಣ ಮತ್ತು ಟ್ಯಾನಿನ್ ಕೂಡಿ ಕೆಳಗಿಳಿದದ್ದು ಅದು. ಗಾಜಿನ ಚೂರಿನಂತೆ ಮಿನುಗುವ ಹರಳುಗಳಿದ್ದರೆ ಅವು ಟಾರ್ಟಾರಿಕ್ ಆಮ್ಲದ ಲವಣ. ನಮ್ಮ ಹುಣಸೆಹಣ್ಣಿಗೆ ಹುಳಿ ಕೊಡುವುದೂ ಇದೇ ಆಮ್ಲ. ಮೇಲಿನ ತಿಳಿಯನ್ನು ಮೆಲ್ಲಗೆ ಬಗ್ಗಿಸಿಕೊಂಡರೆ ಆಯಿತು.

ನಂತರ ಮೂಸಿ ನೋಡಿ. ವಿನೆಗರ್‌ನ ಘಾಟು, ಉಗುರುಬಣ್ಣದ ವಾಸನೆ, ಒದ್ದೆಯಾದ ಹಳೆಯ ರಟ್ಟಿನ ವಾಸನೆ, ಕೊಳೆತ ಮೊಟ್ಟೆಯ ವಾಸನೆ ಇವುಗಳಲ್ಲಿ ಯಾವುದು ಬಂದರೂ ಕುಡಿಯುವ ಸುಖ ಉಳಿದಿಲ್ಲ. ವಾಸನೆ ಸರಿಯೆನಿಸಿದರೆ ಒಂದು ಗುಟುಕು ಬಾಯಲ್ಲಿಟ್ಟು ನೋಡಿ. ಹಿಡಿಸದಿದ್ದರೆ ಉಗುಳಿಬಿಡಿ. ಬೆಲೆ ಹೆಚ್ಚು ಕೊಟ್ಟಿದ್ದೇವೆಂಬ ಒಂದೇ ಕಾರಣಕ್ಕೆ ಕೆಟ್ಟ ವೈನನ್ನು ಕಷ್ಟಪಟ್ಟು ಮುಗಿಸುವುದರಲ್ಲಿ ಅರ್ಥವಿಲ್ಲ. ರುಚಿ ಸಪ್ಪೆಯಾಗಿದ್ದು ವಾಸನೆ ಶುದ್ಧವಾಗಿದ್ದರೆ ಅಡುಗೆಗೆ ಬಳಸುವವರು ಬಳಸಬಹುದು. ವಿನೆಗರ್ ಆದದ್ದನ್ನು ಉಪ್ಪಿನಕಾಯಿಗೆ ಹಾಕುವ ಯೋಚನೆ ಬೇಡ. ಅದರ ಆಮ್ಲದ ಪ್ರಮಾಣ ಎಷ್ಟೆಂದು ಗೊತ್ತಿಲ್ಲದಿರುವಾಗ ಉಪ್ಪಿನಕಾಯಿ ಕೆಡದೆ ನಿಲ್ಲುತ್ತದೆಂಬ ಭರವಸೆಯಿಲ್ಲ.

'ಟಾನಿಕ್' ಎಂಬ ತಪ್ಪು ತಿಳಿವಳಿಕೆ

ಹಳೆಯ ವೈನ್‌ನ ಪ್ರಶ್ನೆ ರುಚಿಗಷ್ಟೇ ಸೀಮಿತವಾಗಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ಪೋರ್ಟ್ ಹೆಸರಿನ ಸಿಹಿ ಕೆಂಪು ವೈನ್ ರಕ್ತ ಹೆಚ್ಚಿಸುತ್ತದೆ, ಬಾಣಂತಿಗೆ ಬಲ ಕೊಡುತ್ತದೆ, ವೃದ್ಧರಿಗೆ ನಿದ್ದೆ ತರುತ್ತದೆ ಎಂಬ ನಂಬಿಕೆ ಹಲವು ಮನೆಗಳಲ್ಲಿ ಉಳಿದುಬಂದಿದೆ. ಕಪಾಟಿನಲ್ಲಿ ವರ್ಷಗಟ್ಟಲೆ ಇದ್ದ ಬಾಟಲಿಯಿಂದ ಚಮಚದ ಲೆಕ್ಕದಲ್ಲಿ ಕೊಡುವುದೂ ಉಂಟು. ಹಳೆಯದಾದ್ದರಿಂದ ಔಷಧಿಯ ಗುಣ ಹೆಚ್ಚಿದೆ ಎಂಬ ಸಮಾಧಾನ ಬೇರೆ.

ಕೆಂಪು ಬಣ್ಣಕ್ಕೂ ರಕ್ತಕ್ಕೂ ಸಂಬಂಧವಿಲ್ಲ. ವೈನ್‌ನಲ್ಲಿರುವ ಕಬ್ಬಿಣದ ಅಂಶ ರಕ್ತಹೀನತೆ ನೀಗಿಸುವಷ್ಟಿಲ್ಲ. ಬದಲಿಗೆ, ರಕ್ತಕ್ಕೆ ಬೇಕಾದ ಫೋಲೇಟ್ ಎಂಬ ಜೀವಸತ್ವದ ಬಳಕೆಗೆ ಮದ್ಯಸಾರ ಅಡ್ಡಿಯಾಗುತ್ತದೆ. ಬಾಣಂತಿ ಕುಡಿದ ಮದ್ಯಸಾರ ಎದೆಹಾಲಿಗೂ ಸೇರುತ್ತದೆ. ಗರ್ಭಿಣಿಯರಿಗಂತೂ ಒಂದು ಚಮಚವೂ ಸಲ್ಲದು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ನಿದ್ರೆಯ ಮಾತ್ರೆ ಸೇವಿಸುವ ಹಿರಿಯರಿಗೆ ಇದು ಔಷಧಿಗಳೊಡನೆ ಸೇರಿ ಅನಾಹುತ ಮಾಡಬಹುದು. ರಕ್ತಹೀನತೆಗೆ ಕಬ್ಬಿಣದ ಮಾತ್ರೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗುತ್ತದೆ. ದ್ರಾಕ್ಷಾಸವ ಬೇಕೆನಿಸಿದರೆ ಅದು ಔಷಧಿ. ವೈದ್ಯರ ಸಲಹೆಯಂತೆ, ಚೀಟಿಯ ಮೇಲಿನ ಅವಧಿ ನೋಡಿಯೇ ಸೇವಿಸಬೇಕು. ಅದರಲ್ಲೂ ಮದ್ಯಸಾರ ಇದೆ ಎಂಬುದನ್ನು ಮರೆಯಬಾರದು.

ಆರೋಗ್ಯಕ್ಕೆ ಹಾನಿಯಿಲ್ಲವೆನ್ನಬಹುದಾದ ಮದ್ಯಪಾನದ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಕುಡಿಯದವರು ಆರೋಗ್ಯದ ಹೆಸರಿನಲ್ಲಿ ಆರಂಭಿಸಲು ಯಾವ ಕಾರಣವೂ ಇಲ್ಲ.

ಎಲ್ಲಿ ಇಡಬೇಕು, ಎಷ್ಟು ದಿನ?

ಜೋಳವನ್ನು ಹಗೇವಿನಲ್ಲಿ ತುಂಬಿಡುತ್ತಿದ್ದ ನಮ್ಮ ಹಿರಿಯರಿಗೆ ನೆಲದೊಳಗಿನ ಉಷ್ಣಾಂಶ ಹೆಚ್ಚು ಏರಿಳಿಯದು ಎಂಬುದು ಅನುಭವದಿಂದ ಗೊತ್ತಿತ್ತು. ಯುರೋಪಿನ ವೈನ್ ನೆಲಮಾಳಿಗೆಯ ತತ್ವವೂ ಅದೇ. ದಪ್ಪ ಕಲ್ಲುಗೋಡೆಯ ಹಳೆಯ ಮಾಳಿಗೆ ಮನೆಗಳು ಹೊಸ ಸ್ಲ್ಯಾಬ್ ಮನೆಗಳಿಗಿಂತ ತಂಪಾಗಿರುವುದೂ ಇದೇ ಬಗೆಯ ಕಾರಣದಿಂದ. ಹಾಗೆಂದು ಒಂದು ಬಾಟಲಿಗಾಗಿ ಹಗೇವು ತೋಡಬೇಕಿಲ್ಲ.

ಕೆಲವು ವಾರ ಇಡಬೇಕಿದ್ದರೆ ಬಿಸಿಲು ಬೀಳದ ಒಳಗೋಡೆಯ ಬದಿಯ ಕೆಳಗಿನ ಗೂಡಿನಲ್ಲಿ, ರಟ್ಟಿನ ಪೆಟ್ಟಿಗೆಯೊಳಗೆ ಇಡಿ. ಕಾರ್ಕ್ ಬಿರಡೆಯ ಬಾಟಲಿಯನ್ನು ಮಲಗಿಸಿ ಇಡಬೇಕು, ಬಿರಡೆ ಒದ್ದೆಯಾಗಿದ್ದರೆ ಬಿಗಿಯಾಗಿರುತ್ತದೆ. ತಿರುಗಿಸಿ ತೆರೆಯುವ ಮುಚ್ಚಳವಿದ್ದರೆ ನಿಲ್ಲಿಸಿದರೂ ತೊಂದರೆಯಿಲ್ಲ. ಮಾರ್ಚ್‌ನಿಂದ ಜೂನ್‌ವರೆಗೆ ಫ್ರಿಜ್ಜಿನ ಕೆಳಭಾಗವೇ ವಾಸಿ. ಅಲ್ಲಿನ ತಂಪು ಆದರ್ಶಕ್ಕಿಂತ ಹೆಚ್ಚಾದರೂ ಅತಿ ತಂಪು ಮಾಡುವ ಹಾನಿ ಶಾಖ ಮಾಡುವ ಹಾನಿಗಿಂತ ಬಹಳ ಕಡಿಮೆ. ಆದರೆ ಫ್ರೀಜರ್‌ಗೆ ಇಡಬೇಡಿ, ಹೆಪ್ಪುಗಟ್ಟಿ ಬಾಟಲಿ ಒಡೆಯಬಹುದು.

ತೆರೆದ ಬಾಟಲಿಯನ್ನು ಮತ್ತೆ ಮುಚ್ಚಿ ಫ್ರಿಜ್ಜಿನಲ್ಲಿಟ್ಟು ಮೂರರಿಂದ ಐದು ದಿನಗಳಲ್ಲಿ ಮುಗಿಸಬೇಕು. ಹೊರಗೆ ಬಿಟ್ಟರೆ ಬಳ್ಳಾರಿಯ ಹವೆಗೆ ಎರಡನೆಯ ದಿನಕ್ಕೇ ಹುಳಿಯ ವಾಸನೆ ಶುರುವಾಗಬಹುದು. ಕೊಳ್ಳುವಾಗಲೂ ಬಿಸಿಲು ಬೀಳುವ ಕಿಟಕಿಯ ಬಳಿ ತಿಂಗಳುಗಟ್ಟಲೆ ನಿಂತ ಬಾಟಲಿಯನ್ನು ಬಿಟ್ಟು ಒಳಗಿನ, ಹವಾನಿಯಂತ್ರಿತ ಜಾಗದ ಬಾಟಲಿಯನ್ನೇ ಕೇಳಿ ಪಡೆಯಿರಿ. ಮನೆಯಲ್ಲಿ ಇಟ್ಟುಕೊಳ್ಳಬಹುದಾದ ಮದ್ಯದ ಪ್ರಮಾಣಕ್ಕೆ ಅಬಕಾರಿ ನಿಯಮಗಳು ಮಿತಿ ಹಾಕಿವೆ ಎಂಬುದೂ ನೆನಪಿರಲಿ.

ಒಟ್ಟಿನಲ್ಲಿ ಬಿಸಿಲ ಜಿಲ್ಲೆಯ ಮನೆಗಳಿಗೆ ಒಂದು ಸರಳ ಸೂತ್ರ ಸಾಕು. ತಂಪಿನ ವ್ಯವಸ್ಥೆ ಇಲ್ಲದಿದ್ದರೆ ವೈನ್ ಬಾಟಲಿಯನ್ನು ಯುಗಾದಿ ದಾಟಿಸಬೇಡಿ. ಉಡುಗೊರೆ ಬಂದ ವರ್ಷವೇ, ಚಳಿಗಾಲ ಕಳೆಯುವುದರೊಳಗೆ ಹಿತಮಿತವಾಗಿ ಬಳಸಿ, ಇಲ್ಲವೇ ಬೇಕಾದವರಿಗೆ ದಾಟಿಸಿ. ಈಗಾಗಲೇ ಹಲವು ಬೇಸಿಗೆ ಕಂಡ ಬಾಟಲಿ ಮನೆಯಲ್ಲಿದ್ದರೆ ಅದನ್ನು ನಿಧಿಯೆಂದು ಕಾಯುವುದೂ ಬೇಡ, ವಿಷವೆಂದು ಹೆದರುವುದೂ ಬೇಡ. ತೆರೆದು, ನೋಡಿ, ಮೂಸಿ ತೀರ್ಮಾನಿಸಿ. ಅನುಮಾನ ಬಂದರೆ ಬಚ್ಚಲಿಗೆ ಸುರಿದುಬಿಡಿ. ಅದನ್ನು ಮನೆಯ ಹಿರಿಯರಿಗೋ ಬಾಣಂತಿಗೋ ಔಷಧಿಯೆಂದು ಕೊಡುವುದು ಮಾತ್ರ ಯಾವ ಕಾರಣಕ್ಕೂ ಬೇಡ.